ನಾನು ಇಲ್ಲವೆಂದ ಬಾವಿ

೨೦೧೬ರ ಬೇಸಿಗೆಯ ಮಾತು. ಅದಕ್ಕೆ ಮುಂಚಿನ ಎರಡು ವರ್ಷ ನಮ್ಮ ಜಿಲ್ಲೆಗೆ ಮಳೆ ಕೈಕೊಟ್ಟಿತ್ತು. ನಾನು ಬೀದರಿನಲ್ಲಿ ಮನೆ ನೋಡಿಕೊಂಡಿರುವವಳು. ನಮ್ಮ ಮನೆಯವರು ಕಾಳಿನ ಪೇಟೆಯಾದ ಗಾಂಧಿ ಗಂಜಿನ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಪೂಜೆ, ಅಡುಗೆ, ನಳ ಬಂದ ದಿನ ನೀರು ತುಂಬುವುದು, ಇಷ್ಟೆಲ್ಲ ಮುಗಿದ ಮೇಲೆ ದಿನಕ್ಕೆ ಮೂರು ತಾಸು ನನಗೆ ಇನ್ನೊಂದು ಕೆಲಸವಿತ್ತು. ಇಂಟರ್‌ನೆಟ್ಟಿನಲ್ಲಿ ನಕಾಶೆ ಮಾಡುವ ಸ್ವಯಂಸೇವಕರ ಒಂದು ಬಳಗಕ್ಕೆ ನಾನು ಮಾಡರೇಟರ್. ಅಂದರೆ ಬೇರೆಯವರು ಸೇರಿಸಿದ್ದು ಸರಿಯೋ ತಪ್ಪೋ ನೋಡಿ, ತಪ್ಪಿದ್ದರೆ ತೆಗೆದುಹಾಕುವ ಅಧಿಕಾರ ಇರುವವಳು. ಸಂಬಳವಿಲ್ಲದ ಕೆಲಸ, ಆದರೆ ಹನ್ನೊಂದು ವರ್ಷ ಮಾಡಿದೆ. ಆ ಹನ್ನೊಂದು ವರ್ಷದಲ್ಲಿ ಮರೆಯಲಾಗದ್ದು ಈ ಒಂದು ಪ್ರಕರಣ.

ನಾನು ಅಲ್ಲಿ ಸೇರಿದ್ದು ಹೇಗೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ಬಿ.ಎಸ್ಸಿ. ಓದಿ ಮದುವೆಯಾದವಳು ನಾನು. ಮಗಳು ಹಾಸ್ಟೆಲಿಗೆ ಹೋಗುವಾಗ ಹಳೆಯ ಲ್ಯಾಪ್‌ಟಾಪ್ ಬಿಟ್ಟು ಹೋದಳು. ಅದರಲ್ಲಿ ಹುಡುಕುತ್ತಾ ಕೂತಾಗ ಈ ನಕಾಶೆ ಕಣ್ಣಿಗೆ ಬಿತ್ತು. ಯಾರು ಬೇಕಾದರೂ ತಮ್ಮ ಊರಿನ ರಸ್ತೆ, ಶಾಲೆ, ಗುಡಿ ಗುರುತು ಹಾಕಬಹುದು, ಯಾರು ಬೇಕಾದರೂ ಬಳಸಬಹುದು, ಯಾವ ಕಂಪನಿಯ ಅಪ್ಪಣೆಯೂ ಬೇಡ. ಇದನ್ನು ಮುಕ್ತ ನಕಾಶೆ ಎನ್ನುತ್ತಾರೆ. ಬಟನ್ನುಗಳ ಮೇಲಿನ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತಂದುಕೊಟ್ಟೆ. ಮೆಚ್ಚಿಕೊಂಡರು. ಮನೆಯಲ್ಲಿ ಕೂತವಳನ್ನು ದೇವರು ಒಂದು ಒಳ್ಳೆಯ ಕೆಲಸಕ್ಕೆ ಹಚ್ಚಿದ ಎಂದು ನಾನು ದಿನವೂ ಕೈ ಮುಗಿಯುತ್ತಿದ್ದೆ.

ಆ ವರ್ಷ ಬಳಗದವರು ಬೀದರ ಜಿಲ್ಲೆಯ ನೀರಿನ ನಕಾಶೆ ಮಾಡಲು ನಿಂತರು. ಯಾವ ಬಾವಿಯಲ್ಲಿ ನೀರಿದೆ, ಯಾವ ಬೋರ್ ಬತ್ತಿದೆ, ಟ್ಯಾಂಕರ್ ನೀರಿಗಾಗಿ ಡ್ರಮ್ಮು ಇಟ್ಟ ಜಾಗ ಎಲ್ಲಿದೆ, ಇದೆಲ್ಲ ಅದರಲ್ಲಿ ಬರಬೇಕು. ಔರಾದಿನಲ್ಲಿ ಒಂದು ಸೇವಾ ಸಂಸ್ಥೆ ಟ್ಯಾಂಕರ್ ನಡೆಸುತ್ತಿತ್ತು. ಚಾಲಕರು ಹೊರಗಿನವರು, ಊರುಗಳ ಗುರುತಿಲ್ಲ. ಅದಕ್ಕೆ ಸಂಸ್ಥೆಯವರು ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ನಕಾಶೆಯಿಂದ ಪಟ್ಟಿ ಮುದ್ರಿಸಿ ಅವರ ಕೈಗೆ ಕೊಡುತ್ತಿದ್ದರು. ಪಟ್ಟಿಯಲ್ಲಿದ್ದ ಜಾಗಕ್ಕೆ ಟ್ಯಾಂಕರ್ ಹೋಗುತ್ತಿತ್ತು, ಇಲ್ಲದ ಜಾಗಕ್ಕೆ ಹೋಗುತ್ತಿರಲಿಲ್ಲ.

ಬಳಗದಲ್ಲಿ ದಿನಾ ಮಾತಾಡುವವರು ಒಂದು ನಲವತ್ತು ಮಂದಿ. ಹೆಚ್ಚಿನವರು ಬೆಂಗಳೂರು, ಪುಣೆ, ಹೈದರಾಬಾದಿನ ಎಂಜಿನಿಯರರು. ಓದಿದವರು, ಒಳ್ಳೆಯವರು, ರಜೆಯ ದಿನವನ್ನು ನಮ್ಮ ಜಿಲ್ಲೆಗೆ ಕೊಟ್ಟವರು. ಅವರಲ್ಲಿ ಒಂದು ಮಡಿ ಇತ್ತು. ನಮ್ಮತ್ತೆ ಮಡಿಯಲ್ಲಿದ್ದಾಗ ಒಲೆಯ ಹತ್ತಿರ ನಮ್ಮನ್ನು ಬಿಟ್ಟುಕೊಳ್ಳುತ್ತಿರಲಿಲ್ಲ, ಇವರು ಅದಕ್ಕೂ ಒಂದು ಕೈ ಮೇಲು. ಕಂಪನಿಯ ನಕಾಶೆ ನೋಡಿ ನಕಲು ಮಾಡಬಾರದು ಎಂಬುದು ಮೊದಲ ನಿಯಮ. ಅದು ಕಾನೂನಿನ ಮಾತು, ಸರಿಯೇ. ಆದರೆ ಕಂಪನಿಯ ಆಪ್ ಹೆಸರೆತ್ತಿದವನನ್ನೂ ಕೆಂಗಣ್ಣಿನಿಂದ ನೋಡುತ್ತಿದ್ದರು. ಎರಡನೆಯ ನಿಯಮ, ಸ್ಥಳೀಯರ ಮಾತೇ ಕೊನೆ. ಒಂದು ಊರಿನ ವಿಷಯದಲ್ಲಿ ತಕರಾರು ಬಂದರೆ ಆ ಊರು ಬಲ್ಲವರು ಹೇಳಿದ್ದೇ ತೀರ್ಪು. ಔರಾದ ತಾಲೂಕಿಗೆ ಆ ಸ್ಥಳೀಯಳು ನಾನು. ಕಮಲನಗರದ ಹತ್ತಿರದ ಒಂದು ಹಳ್ಳಿ ನನ್ನ ತವರು, ಆಗ ಅದೆಲ್ಲ ಔರಾದ ತಾಲೂಕಿಗೇ ಸೇರಿತ್ತು.

ಮಾರ್ಚ್ ತಿಂಗಳಲ್ಲಿ ಇಸ್ಮಾಯಿಲ್ ಎಂಬ ಹೆಸರಿನ ಒಬ್ಬರು ಸೇರಿದರು. ಊರು ಭಾಲ್ಕಿ ಎಂದು ಬರೆದಿದ್ದರು. ಮಾತು ಕಡಿಮೆ, ಕೆಲಸ ಬಹಳ. ಒಂದೂವರೆ ತಿಂಗಳಲ್ಲಿ ಬಾವಿ, ಬೋರ್, ಲಂಬಾಣಿ ತಾಂಡಾಗಳ ಡ್ರಮ್ಮಿನ ಜಾಗ, ಎಲ್ಲ ಸೇರಿ ಔರಾದ ಕಡೆಯ ಇನ್ನೂರ ಹದಿನಾಲ್ಕು ಗುರುತು ಹಾಕಿದರು. ಮಾಹಿತಿ ಎಲ್ಲಿಂದ ಬಂತು ಎಂದು ಬರೆಯುವ ಜಾಗದಲ್ಲಿ ಪ್ರತಿ ಸಲವೂ ಒಂದೇ ಮಾತು: ‘ಮಂದಿ ಹೇಳಿದ್ದು’.

ಏಪ್ರಿಲಿನಲ್ಲಿ ಅವರು ಬಳಗದಲ್ಲಿ ಒಂದು ಸಲಹೆ ಬರೆದರು. ಊರು ಬಿಟ್ಟು ಹೊರಟವರ ಫೋನಿನಲ್ಲಿ ನಮ್ಮ ಆಪ್ ಇರುವುದಿಲ್ಲ, ಎಲ್ಲರ ಹತ್ತಿರ ಇರುವ ಕಂಪನಿಯ ಮೆಸೇಜ್ ಆಪಿಗೇ ನೀರಿನ ಮಾಹಿತಿ ಹೋಗುವ ಹಾಗೆ ಒಂದು ಬಟನ್ ಇಡಿ ಎಂದು. ಅಷ್ಟೇ. ಅರ್ಧ ತಾಸಿನೊಳಗೆ ಇಪ್ಪತ್ತು ಉತ್ತರ ಬಂದವು. ತತ್ವ ಮಾರಿಕೊಳ್ಳಲು ಹೇಳುತ್ತಿದ್ದಾನೆ ಎಂದು ಒಬ್ಬರು. ಯಾವ ಕಂಪನಿ ಕಳಿಸಿದೆ ಎಂದು ಇನ್ನೊಬ್ಬರು. ಬಳಗದ ಹಿರಿಯ ಮಾಡರೇಟರ್ ಪ್ರಸನ್ನ ಬೆಂಗಳೂರಿನವರು, ತೂಕದ ಮನುಷ್ಯ. ಅವರೂ ಬರೆದರು: ‘ಒಬ್ಬ ಮನುಷ್ಯ ಒಂದೂವರೆ ತಿಂಗಳಲ್ಲಿ ಇನ್ನೂರು ಜಾಗ ನೋಡಿ ಬರಲು ಸಾಧ್ಯವೇ? ಸ್ವಲ್ಪ ಗಮನಿಸಿ.’

ಗಮನಿಸುವ ಕೆಲಸ ನನ್ನ ಪಾಲಿಗೆ ಬಂತು. ಆವತ್ತಿನಿಂದ ಇಸ್ಮಾಯಿಲ್ ಹಾಕಿದ ಒಂದೊಂದು ಗುರುತನ್ನೂ ನಾನು ಕಲ್ಲು ಆರಿಸುವ ಹಾಗೆ ಆರಿಸತೊಡಗಿದೆ. ಹುಡುಕಿದರೆ ಸಿಗದೇ ಇರುತ್ತದೆಯೇ? ಎಲ್ಲ ಗುರುತುಗಳೂ ಸಂಜೆ ನಾಲ್ಕರಿಂದ ಏಳರ ಒಳಗೆ ಹಾಕಿದ್ದು. ಒಂದೇ ಸಂಜೆ ಔರಾದಿನ ಆ ತುದಿಯ ಊರು, ಈ ತುದಿಯ ಊರು. ನಡುವೆ ಹತ್ತು ನಿಮಿಷವೂ ಇಲ್ಲ. ಓಡಾಡಿ ನೋಡಿದವರು ಹೀಗೆ ಹಾಕಲಾರರು, ಕೂತಲ್ಲೇ ಯಾವುದನ್ನೋ ನೋಡಿ ಇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅವರು ಸೀದಾ ಬರೆದದ್ದರಲ್ಲೂ ನನಗೆ ಹುಳುಕು ಕಾಣಿಸುತ್ತಿತ್ತು. ಪೂಜೆಗೆ ಕೂತಾಗಲೂ ಮನಸ್ಸು ಆ ಪಟ್ಟಿಯ ಮೇಲೇ.

ಆಮೇಲೆ ಸಿಕ್ಕಿತು ಬಾವಿ. ನನ್ನ ತವರೂರಿನಲ್ಲೇ, ಮಠದ ಹಿಂದೆ, ‘ಸೇದುವ ಬಾವಿ, ನೀರಿದೆ’ ಎಂದು ಗುರುತು. ಮಠದ ಹಿಂದೆ ಇರುವುದು ಒಂದು ತಿಪ್ಪೆ, ಒಂದು ಹುಣಸೆಮರ. ಹುಟ್ಟಿದಾಗಿನಿಂದ ನೋಡಿದ ಜಾಗ. ಅಲ್ಲಿ ಬಾವಿ ಇಲ್ಲ. ನಾನು ಬಳಗದಲ್ಲಿ ಬರೆದೆ: ‘ಇದು ನನ್ನ ತವರೂರು. ಇಲ್ಲಿ ಬಾವಿ ಇಲ್ಲ. ಇದ್ದರೆ ನನಗೆ ಗೊತ್ತಿರುತ್ತಿತ್ತು.’

ಸ್ಥಳೀಯಳ ಮಾತು, ಮುಗಿಯಿತು. ಒಂದು ಬಾವಿ ಸುಳ್ಳಾದರೆ ಎಲ್ಲವೂ ಸುಳ್ಳು ಎಂದರು. ಇಸ್ಮಾಯಿಲ್ ಹಾಕಿದ್ದೆಲ್ಲ ಅಳಿಸಬೇಕು, ಅವರನ್ನು ಹೊರಗೆ ಹಾಕಬೇಕು ಎಂದು ಪ್ರಸನ್ನ ಠರಾವು ಇಟ್ಟರು. ಒಪ್ಪಿದವರು ‘ಪ್ಲಸ್ ಒನ್’ ಎಂದು ಬರೆಯುವುದು ನಮ್ಮ ಪದ್ಧತಿ. ಐವತ್ತು ನಿಮಿಷದಲ್ಲಿ ಇಪ್ಪತ್ತೊಂಬತ್ತು ಪ್ಲಸ್ ಒನ್ ಬಂದವು. ಕೆಲವರು ಊರಿನ ಹೆಸರನ್ನೂ ಓದಿರಲಿಕ್ಕಿಲ್ಲ. ಹತ್ತು ಮಂದಿ ಬರೆದ ಮೇಲೆ ಹನ್ನೊಂದನೆಯವನು ಬರೆಯದೆ ಇದ್ದರೆ ಅವನ ಮೇಲೇ ಕಣ್ಣು ಬೀಳುತ್ತದೆ.

ಒಬ್ಬಳು ಮಾತ್ರ ಬೇರೆ ಮಾತು ಕೇಳಿದಳು. ವೈಶಾಲಿ, ಔರಾದಿನ ಒಂದು ಹೈಸ್ಕೂಲಿನ ಟೀಚರು. ಅವಳ ತಾತ ಬೌದ್ಧ ಧರ್ಮಕ್ಕೆ ಸೇರಿದವರು, ಮನೆ ತುಂಬ ಓದಿದವರು, ಪ್ರಶ್ನೆ ಕೇಳಿಯೇ ಬೆಳೆದ ಹುಡುಗಿ. ‘ಅವರಿಗೆ ಯಾರಾದರೂ ಫೋನ್ ಮಾಡಿ ಕೇಳಿದ್ದೀರಾ?’ ಎಂದು ಒಂದು ಸಾಲು ಬರೆದಳು. ಉತ್ತರಗಳು ಹೇಗೆ ಬಂದವೆಂದರೆ, ಅವಳಿಗೂ ಕಂಪನಿಯಿಂದ ಏನಾದರೂ ಸಿಗುತ್ತದೆಯೇ ಎಂಬಲ್ಲಿಯವರೆಗೆ. ಅರ್ಧ ತಾಸಿನಲ್ಲಿ ಅವಳೇ ಬಳಗ ಬಿಟ್ಟು ಹೋದಳು. ನಾನು ಅದನ್ನೂ ಸಂಶಯದಿಂದಲೇ ನೋಡಿದೆ. ತಪ್ಪಿಲ್ಲದಿದ್ದರೆ ಯಾಕೆ ಓಡಿಹೋದಳು ಎಂದುಕೊಂಡೆ. ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ.

ಆ ಸಂಜೆ ನಮ್ಮ ಮನೆಯವರಿಗೆ ಹೆಮ್ಮೆಯಿಂದ ಹೇಳಿದೆ, ನನ್ನ ಒಂದು ಮಾತಿಗೆ ಅಷ್ಟು ಓದಿದ ಮಂದಿ ಒಪ್ಪಿದರು ಎಂದು. ಇವರು ಚಹಾ ಕುಡಿಯುತ್ತಾ ಅಂದರು: “ನಿಮ್ಮ ಮಂದಿ ಭಾಳ ಜಲ್ದಿ ಒಪ್ಪತಾರ ಬಿಡು. ಗಂಜಿನ್ಯಾಗ ಒಂದು ತೊಗರಿ ಚೀಲಕ್ಕ ನಾಕು ಮಂದಿ ಕೈ ಹಾಕಿ ಕಾಳು ತಗದು ನೋಡ್ತಾರ. ನಿಮ್ಮಾಗ ಚೀಲ ಬಿಚ್ಚಿ ನೋಡಿದವರು ಯಾರು?”

ನಿಮಗೆ ಕಂಪ್ಯೂಟರ್ ವಿಷಯ ತಿಳಿಯುವುದಿಲ್ಲ ಎಂದೆ. ನನ್ನ ಪ್ಲಸ್ ಒನ್ ಮೊದಲೇ ಹಾಕಿಯಾಗಿತ್ತು. ಶನಿವಾರ ಅಳಿಸುವ ಬಟನ್ ಒತ್ತಿದವಳೂ ನಾನೇ.

ಮುಂದಿನ ಗುರುವಾರ ವೈಶಾಲಿಯ ಫೋನು ಬಂತು. ನನ್ನ ನಂಬರನ್ನು ನನ್ನ ತಮ್ಮನ ಹೆಂಡತಿಯಿಂದ ತೆಗೆದುಕೊಂಡಿದ್ದಳು. ತಗಾದೆಯ ದನಿ ಇರಲಿಲ್ಲ.

“ಅಕ್ಕಾ, ನೀವು ತವರಮನಿಗಿ ಹೋಗಿ ಎಷ್ಟು ವರ್ಷ ಆತು?”

ನಾಲ್ಕು ವರ್ಷ ಎಂದೆ. ತಾಯಿ ತೀರಿಕೊಂಡ ಮೇಲೆ ಹೋಗಿರಲಿಲ್ಲ.

“ಒಮ್ಮಿ ಹೋಗಿ ಬರ್ರಿ. ನಾ ಹೇಳಿದ್ರ ನೀವು ನಂಬಂಗಿಲ್ಲ. ಏಳು ತಾಂಡಾಗಳಿಗಿ ಸೋಮವಾರದಿಂದ ಟ್ಯಾಂಕರ್ ಬಂದಿಲ್ಲ. ನನ್ನ ಕ್ಲಾಸಿನ ಹುಡುಗೇರು ಸಾಲಿಗಿ ಬರಲಾರದಾಗ ಕೇಳಿದೆ. ಸಂಸ್ಥೆಯವರು ಪಟ್ಟಿನ್ಯಾಗ ಇಲ್ಲ ಅಂತಾರ. ಪಟ್ಟಿ ಬಿಟ್ಟು ಒಂದು ಕಡಿ ಕಳಿಸಿದ್ರ ಎಲ್ಲಾರೂ ಗಾಡಿ ತಮ್ಮ ಕಡಿಗೇ ಜಗ್ಗತಾರ ಅಂತಾರ. ಅದೂ ಖರೇನೇ ಅದ.”

ಅವಳ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಇವಳೂ ಇಸ್ಮಾಯಿಲ್ ಕಡೆಯವಳೇ ಇರಬೇಕು, ನೋಡಿಯೇ ಬಿಡುತ್ತೇನೆ ಎಂಬ ಹಟದಿಂದಲೇ ಶುಕ್ರವಾರ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಸ್ ಹತ್ತಿದೆ. ಭಾಲ್ಕಿ ದಾಟಿ ಕಮಲನಗರ, ಅಲ್ಲಿಂದ ಟಂಟಂ ಆಟೋ. ಊರ ಮುಂದೆ ಅರ್ಧ ಮನೆಗಳಿಗೆ ಬೀಗ. ಮಂದಿ ಹೈದರಾಬಾದಿಗೆ, ಪುಣೆಗೆ ಕೆಲಸಕ್ಕೆ ಹೋಗಿದ್ದರು. ತವರಮನೆಗೂ ಹೋಗದೆ ಸೀದಾ ಮಠದ ಹಿಂದೆ ಹೋದೆ.

ಹುಣಸೆಮರ ಇತ್ತು. ತಿಪ್ಪೆ ಇರಲಿಲ್ಲ. ಅಲ್ಲಿ ಕಲ್ಲು ಕಟ್ಟಿದ ಅಗಲವಾದ ಬಾವಿ, ಅದರ ಸುತ್ತ ಕೊಡಗಳ ಸಾಲು. ಮೂವತ್ತು ನಲವತ್ತು ಹೆಂಗಸರು. ಊರವರು ಅರ್ಧ, ಉಳಿದವರು ಲಂಬಾಣಿ ಹೆಂಗಸರು, ಎರಡು ಮೈಲು ದೂರದ ತಾಂಡಾದಿಂದ ತಲೆಯ ಮೇಲೆ ಕೊಡ ಹೊತ್ತು ನಡೆದು ಬಂದವರು. ಅವರ ತಾಂಡಾದ ಟ್ಯಾಂಕರ್ ನಿಂತಿತ್ತಲ್ಲ, ಅದಕ್ಕೆ. ನಾನು ಇಲ್ಲವೆಂದ ಬಾವಿಯಿಂದ, ನಾನು ಅಳಿಸಿದ ತಾಂಡಾದವರು ನೀರು ಸೇದುತ್ತಿದ್ದರು. ಹಗ್ಗ ಪೂರ್ತಿ ಇಳಿಬಿಟ್ಟ ಮೇಲೆ ಕೊಡ ಅರ್ಧ ಮುಳುಗುತ್ತಿತ್ತು.

ನನ್ನ ತಮ್ಮನ ಹೆಂಡತಿ ಶಾರದಾ ಸಾಲಿನಲ್ಲಿದ್ದಳು. ನನ್ನನ್ನು ನೋಡಿ ಕೊಡ ಕೆಳಗಿಟ್ಟಳು. ಈ ಬಾವಿ ಎಲ್ಲಿಂದ ಬಂತು ಎಂದು ಕೇಳಿದೆ. ಹೋದ ಚಳಿಗಾಲ ಬರಗಾಲದ ಕೆಲಸದಲ್ಲಿ ತಿಪ್ಪೆ ಅಗೆದರಂತೆ. ಕೆಳಗೆ ಹಳೆಯ ಕಾಲದ ಬಾವಿ ಸಿಕ್ಕಿತಂತೆ, ಹೂಳು ತೆಗೆದಾಗ ನೀರು ಒಸರಿತಂತೆ. ಹೇಳಿ ಮುಗಿಸಿ ನನ್ನ ಮುಖ ನೋಡಿದಳು.

“ಇದು ಇಲ್ಲ ಅಂತ ಬರ್ದವ್ರು ನೀವೇ ಅಂತಲ್ರಿ ಅಕ್ಕಾ? ನಮಗ ಒಂದು ಫೋನ್ ಹಚ್ಚಿದ್ರ ಆಗ್ತಿತ್ತು. ಇಲ್ಲೇ ನಿಂತು ಹೂಂ ಅದ ಅಂತಿದ್ದೆ.”

ಬಾವಿಯ ಕಟ್ಟೆಯ ಮೇಲೆ ಕೂತು ಫೋನು ತೆಗೆದೆ. ದೇವರ ದಯೆ, ಅವತ್ತು ಅಲ್ಲಿ ಎರಡು ಗೆರೆಯಷ್ಟು ನೆಟ್‌ವರ್ಕ್ ಇತ್ತು. ಅಳಿಸಿದ್ದನ್ನು ತಿರುಗಿ ತರುವ ಅಧಿಕಾರ ಮಾಡರೇಟರಿಗೆ ಇದೆ, ಆದರೆ ಬಳಗದ ಠರಾವನ್ನು ಒಬ್ಬಳೇ ಮುರಿಯುವಂತಿಲ್ಲ. ಮುರಿದೆ. ಮೊದಲು ಏಳು ತಾಂಡಾ, ಆಮೇಲೆ ಉಳಿದ ಇನ್ನೂರ ಏಳು. ವೈಶಾಲಿಗೆ ಫೋನು ಮಾಡಿ, ಹೊಸ ಪಟ್ಟಿ ಮುದ್ರಿಸಲು ಸಂಸ್ಥೆಯವರಿಗೆ ಹೇಳು ಎಂದೆ. ಅವಳು ಆಯಿತಕ್ಕಾ ಎಂದಷ್ಟೇ ಅಂದಳು. ನಾನು ಹೇಳಲಿಲ್ಲವೇ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಶನಿವಾರ ಬೆಳಿಗ್ಗೆ ಏಳೂ ತಾಂಡಾಗಳಿಗೆ ಟ್ಯಾಂಕರ್ ಹೋಯಿತು. ಐದು ದಿನ ನಿಂತಿತ್ತು.

ತಿರುಗಿ ಬರುವಾಗ ಭಾಲ್ಕಿಯಲ್ಲಿ ಇಳಿದೆ. ಇಸ್ಮಾಯಿಲ್ ಯಾರು ಎಂದು ಕೇಳುವುದೂ ಬೇಕಾಗಲಿಲ್ಲ. ರೈಲು ನಿಲ್ದಾಣದ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ, ಬೋರ್ಡಿನ ಮೇಲೆ ಹೆಸರು, ಬಳಗಕ್ಕೆ ಸೇರುವಾಗ ಅವರು ಕೊಟ್ಟಿದ್ದ ನಂಬರು ಎರಡೂ. ಸಂಜೆ ಐದರ ಹೊತ್ತು. ಅಂಗಡಿಯ ಮುಂದೆ ಗಂಟು, ಪಾತ್ರೆ, ಮಕ್ಕಳನ್ನು ಇಟ್ಟುಕೊಂಡು ಮಂದಿ ಕೂತಿದ್ದರು. ರೈಲಿಗೆ ಕಾಯುತ್ತಿದ್ದ ಔರಾದ ಕಡೆಯವರು. ಒಳಗೆ ಒಂದು ಹಲಗೆಗೆ ಇಪ್ಪತ್ತು ಚಾರ್ಜರ್ ಹೊಡೆದಿದ್ದರು, ಎಲ್ಲದರಲ್ಲೂ ಫೋನು. ಐವತ್ತು ದಾಟಿದ ಇಸ್ಮಾಯಿಲ್ ಭಾಯಿ ಕನ್ನಡಕ ಹಣೆಗೇರಿಸಿಕೊಂಡು ಒಬ್ಬ ಹೆಂಗಸನ್ನು ಕೇಳುತ್ತಿದ್ದರು, ನಿಮ್ಮೂರಿನ ಯಾವ ಬಾವಿಯಲ್ಲಿ ಇನ್ನೂ ನೀರಿದೆ, ಯಾವುದು ಬತ್ತಿತು, ಯಾವಾಗ ಬತ್ತಿತು, ಟ್ಯಾಂಕರಿನ ಡ್ರಮ್ಮು ಎಲ್ಲಿಟ್ಟಿದ್ದಾರೆ ಎಂದು. ಚಾರ್ಜು ಮಾಡಿಕೊಟ್ಟು ಅವರು ಕೇಳುತ್ತಿದ್ದದ್ದು ಅದೊಂದೇ. ಹಾಕುತ್ತಿದ್ದ ಗುರುತೆಲ್ಲ ಅದೇ. ನೀರಿಲ್ಲವೆಂದು ಊರು ಬಿಟ್ಟವರಿಗಿಂತ ಊರಿನ ನೀರು ಯಾರಿಗೆ ಹೆಚ್ಚು ಗೊತ್ತಿರುತ್ತದೆ? ಸಂಜೆಯ ರೈಲಿನ ಹೊತ್ತಿಗೆ ಮಂದಿ ಬರುತ್ತಿದ್ದರು, ಅದಕ್ಕೇ ನಾಲ್ಕರಿಂದ ಏಳು.

ನಾನು ಯಾರೆಂದು ಹೇಳಿದೆ. ಕೂರಲು ಸ್ಟೂಲು ಕೊಟ್ಟರು, ಪಕ್ಕದ ಹೋಟೆಲಿಗೆ ಚಹಾ ಹೇಳಿದರು. ತಪ್ಪಾಯಿತು ಎಂದೆ.

“ನಿಮಗ ಶಕ್ ಬಂತು, ಅದು ಗಲತ್ ಅಲ್ಲ ಅಕ್ಕಾ. ಜಮಾನಾನೇ ಹಂಗ ಅದ. ಆದ್ರ ಶಕ್ ಬಂದವರು ಕೇಳಬೇಕಲ್ರಿ. ನೀವು ನಿಮ್ಮ ನಿಮ್ಮೊಳಗೇ ಕೇಳ್ಕೊಂಡ್ರಿ.”

ಮಾಹಿತಿ ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಬರೆಯಬಹುದಿತ್ತಲ್ಲ ಎಂದು ಮೆಲ್ಲಗೆ ಕೇಳಿದೆ. ಅವರು ನಕ್ಕರು. “ಬರ್ದಿದ್ನಲ್ರಿ, ಮಂದಿ ಹೇಳಿದ್ದು ಅಂತ. ಇನ್ನ ಹ್ಯಾಂಗ ಬರೀಲಿ?”

ಬೀದರಿಗೆ ಬಂದು ಬಳಗದಲ್ಲಿ ನಡೆದದ್ದೆಲ್ಲ ಬರೆದೆ. ಬಾವಿ ಇದೆ, ನಾನು ಹೇಳಿದ್ದು ತಪ್ಪು, ಅದರಿಂದ ಏಳು ತಾಂಡಾಗಳಿಗೆ ನೀರು ತಪ್ಪಿತು ಎಂದು ಒಂದನ್ನೂ ಮುಚ್ಚಿಡದೆ ಬರೆದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರು, ಆದರೆ ಠರಾವು ಮುರಿದದ್ದಕ್ಕೆ. ಆಮೇಲೆ ಸಮಾಧಾನ ಹೇಳತೊಡಗಿದರು. ನಿಮ್ಮದೇನೂ ತಪ್ಪಿಲ್ಲ ಮೇಡಂ, ಆ ಮನುಷ್ಯ ಸರಿಯಾಗಿ ದಾಖಲೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಒಬ್ಬರು ಬರೆದರು. ಅದಕ್ಕೆ ಆರು ಪ್ಲಸ್ ಒನ್. ಕಂಪನಿ ಎಂಬ ಮಾತು ಯಾರೂ ಎತ್ತಲಿಲ್ಲ, ಆ ಮಾತನ್ನು ಯಾರೋ ಬೇರೆಯವರು ಆಡಿದ್ದರು ಎನ್ನುವ ಹಾಗೆ. ಬೈಗುಳಕ್ಕೆ ಹೆದರದ ನಾನು ಆ ಸಮಾಧಾನ ಓದಿ ಹೆದರಿದೆ. ಬಾವಿ ಸಿಕ್ಕ ಮೇಲೂ ಅವರಿಗೆ ಇಸ್ಮಾಯಿಲ್ ಭಾಯಿ ತಪ್ಪಿತಸ್ಥರಾಗಿಯೇ ಬೇಕಾಗಿದ್ದರು. ಅವರ ಸಾಲಿನಲ್ಲಿ ಮೊನ್ನೆಯವರೆಗೆ ನಾನೂ ಇದ್ದೆನಲ್ಲ.

ಹೊರಗೆ ಹಾಕಿದ್ದನ್ನು ರದ್ದು ಮಾಡಲು ನಾನೇ ಠರಾವು ಇಟ್ಟೆ. ಮೂರು ದಿನ ಕಾಯಬೇಕು, ಯಾರೂ ಬೇಡವೆನ್ನದಿದ್ದರೆ ಪಾಸಾದಂತೆ. ಬಂದದ್ದು ಎರಡೇ ಪ್ಲಸ್ ಒನ್. ಒಂದು ನನ್ನದು, ಇನ್ನೊಂದು ಪ್ರಸನ್ನರದು. ಪ್ರಸನ್ನ ಅದರ ಕೆಳಗೆ, ‘ಆವತ್ತು ನಾನು ಅವಸರ ಮಾಡಿದೆ’ ಎಂದೂ ಬರೆದರು. ಅಷ್ಟಾದರೂ ಬರೆದರಲ್ಲ, ಅದು ಅವರ ದೊಡ್ಡತನ. ಉಳಿದ ಇಪ್ಪತ್ತೇಳು ಮಂದಿ ಆ ಮೂರು ದಿನವೂ ಬಳಗದಲ್ಲೇ ಇದ್ದರು, ಬೇರೆ ಮಾತಾಡುತ್ತಿದ್ದರು. ಠರಾವು ಪಾಸಾಯಿತು.

ಸುದ್ದಿ ಹೇಳಲು ಇಸ್ಮಾಯಿಲ್ ಭಾಯಿಗೆ ಫೋನು ಮಾಡಿದೆ. ಎಷ್ಟು ಮಂದಿ ಬರೆದರು ಎಂದು ಕೇಳಿದರು, ಇಬ್ಬರೇ ಎಂದೆ.

“ಬೈಯುವಾಗ ಎಲ್ಲಾರೂ ಬಾಯಿ ತೆಗೆದ್ರಿ. ಮಾಫಿ ಮಾತ್ರ ಬಾಯಿ ಮುಚ್ಕೊಂಡು ಕೊಟ್ರೇನ್ರಿ? ಅದು ನನಗ ಬ್ಯಾಡ ಅಕ್ಕಾ. ನೀರಿಂದು ಏನರ ಗೊತ್ತಾದ್ರ ನಿಮಗ ಫೋನ್‌ನ್ಯಾಗ ಹೇಳ್ತೇನಿ. ನೀವು ಹಾಕ್ರಿ.”

ಅವರು ತಿರುಗಿ ಬರಲಿಲ್ಲ. ವೈಶಾಲಿಯೂ ಬರಲಿಲ್ಲ. ಮಳೆ ಬರುವವರೆಗೆ ದಿನಾ ಸಂಜೆ ಏಳಕ್ಕೆ ಇಸ್ಮಾಯಿಲ್ ಭಾಯಿಯ ಫೋನು ಬರುತ್ತಿತ್ತು, ನಾನು ಬರೆದುಕೊಳ್ಳುತ್ತಿದ್ದೆ. ಗುರುತುಗಳು ನನ್ನ ಹೆಸರಿನಲ್ಲಿ ಬಿದ್ದವು. ಮೊದಲು ಅವರು ಹೇಳಿದಾಗ ಸುಳ್ಳಾಗಿದ್ದದ್ದಕ್ಕೆ ಈಗ ನಾನು ಹಾಕಿದಾಗ ಒಬ್ಬರೂ ತಕರಾರು ತೆಗೆಯಲಿಲ್ಲ. ಮಾಹಿತಿ ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ.

ಆ ಐದು ದಿನದಲ್ಲಿ ಯಾರ ಜೀವವೂ ಹೋಗಲಿಲ್ಲ. ಅದು ದೇವರು ಮಾಡಿದ ಉಪಕಾರ, ನನ್ನ ಜಾಣತನವಲ್ಲ. ಆ ಬಾವಿಯೂ ಬತ್ತಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಬೇಕೆಂದರೆ ಇಷ್ಟೇ. ಸಂಶಯ ಪಡುವುದು ಮಾಡರೇಟರಿನ ಕೆಲಸ, ಅದನ್ನು ನಾನು ಬಿಡಲಿಲ್ಲ. ಯಾರ ಮೇಲೆ ಪಡಬೇಕು ಎಂಬುದು ಮಾತ್ರ ಬದಲಾಯಿತು. ಒಬ್ಬನು ವಿಚಿತ್ರವಾಗಿ ಬರೆದರೆ ಈಗ ನಾನು ಅಷ್ಟು ಬೆದರುವುದಿಲ್ಲ. ನಲವತ್ತು ಮಂದಿ ಒಂದು ತಾಸಿನಲ್ಲಿ ಒಂದೇ ಮಾತಾಡಿದರೆ ನನ್ನ ಕೈ ಬಟನ್ನಿನಿಂದ ಹಿಂದೆ ಸರಿಯುತ್ತದೆ. ಆ ನಲವತ್ತರಲ್ಲಿ ನಾನಿದ್ದರಂತೂ ಎರಡು ಸಲ. ಆಮೇಲಿನ ವರ್ಷಗಳಲ್ಲಿ ಯಾರ ಗುರುತನ್ನೂ ಅವರ ದನಿ ಕೇಳದೆ ನಾನು ಅಳಿಸಲಿಲ್ಲ. ಕೆಲಸ ನಿಧಾನವಾಯಿತು ಎಂದು ದೂರು ಬಂತು. ಬರಲಿ ಎಂದೆ.

ಮಾಡರೇಟರ್ ಕೆಲಸ ಬಿಡುವ ದಿನ ಕೊನೆಯದಾಗಿ ಒಂದು ತಿದ್ದುಪಡಿ ಮಾಡಿದೆ. ನಕಾಶೆಯಲ್ಲಿ ಪ್ರತಿ ಗುರುತಿಗೂ ಒಂದು ಟಿಪ್ಪಣಿಯ ಜಾಗವಿದೆ. ನನ್ನ ತವರೂರಿನ ಆ ಬಾವಿಯನ್ನು ತೆರೆದು ಅಲ್ಲಿ ಬರೆದೆ: ‘ಈ ಬಾವಿ ಇದೆ. ಮೊದಲು ಹೇಳಿದವರು ಭಾಲ್ಕಿಯ ಇಸ್ಮಾಯಿಲ್ ಭಾಯಿ. ಇಲ್ಲವೆಂದವಳು ನಾನು, ನೋಡದೆ.’ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.